ಹಲಗೆ ಗೋಡೆಯ ಆಚೆಯವರು

ಪೊಳಲಿಯ ಹತ್ತಿರದ ಅವರ ಮನೆಯ ಅಂಗಳದಲ್ಲಿ, ತೀರಿಹೋದ ಅವರನ್ನು ಇನ್ನೂ ಒಳಗೆ ಮಲಗಿಸಿರುವಾಗಲೇ, ಒಬ್ಬ ಮನುಷ್ಯ ಪಕ್ಕದವನಿಗೆ ಹೇಳಿದ. "ಕೆಲಸಗಾರ ಅಂದ್ರೆ ಕೆಲಸಗಾರ. ಆದ್ರೆ ಕೊನೆಗೆ ಕೈ ಕೆಟ್ಟಿತ್ತು. ಸರಿ ನೋಡದೆ ಮೆಷಿನ್ ಕೊಟ್ಟು ಒಬ್ಬನ ಕೈ ಸುಟ್ಟುಹೋಯ್ತು."

ಸುತ್ತ ಇದ್ದವರು ಹೌದು ಹೌದೆಂದು ತಲೆಯಾಡಿಸಿದರು. ನಾನೂ ಅಲ್ಲೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಚಾ ಕುಡಿಯುತ್ತಿದ್ದೆ. ಬಾಯಿ ಬಿಡಲಿಲ್ಲ. ಬಾಯಿ ಮುಚ್ಚಿ ಕೂರುವುದು ನನ್ನ ಜಾಯಮಾನವಲ್ಲ. ಮೂಡುಬಿದಿರೆಯಲ್ಲಿ ನನ್ನ ಹತ್ತಿರ ರವಿಕೆ ಹೊಲಿಸಿದ ಯಾವ ಹೆಂಗಸನ್ನು ಕೇಳಿದರೂ ಹೇಳಿಯಾಳು. ಆದರೆ ಆ ದಿನ ನಾಲಗೆ ಏಳಲಿಲ್ಲ. ಆ ಸುಟ್ಟ ಕೈಯ ಹಿಂದೆ ನಾನಿದ್ದೇನೆ ಎಂದು ಗೊತ್ತಿದ್ದವರು ಇಬ್ಬರೇ. ಒಬ್ಬಳು ಚಾ ಕುಡಿಯುತ್ತಿದ್ದಳು, ಇನ್ನೊಬ್ಬರು ಒಳಗೆ ಬಿಳಿ ಬಟ್ಟೆ ಹೊದ್ದು ಮಲಗಿದ್ದರು.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರು ಹಾಕುವುದಿಲ್ಲ. ಅಂಗಡಿಯ ಬೋರ್ಡಿನಲ್ಲೂ ಅವರು ಹೆಸರು ಹಾಕಿಸಿದವರಲ್ಲ. 'ಮರ ಕೊಯ್ಯುವ ಮೆಷಿನ್ ರಿಪೇರಿ, ಹಳೆಯದೂ ಆಗುತ್ತದೆ' ಎಂದಷ್ಟೇ ಬರೆಸಿದ್ದರು. ನಾವು ಮಾತಾಡಿದ್ದೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಅವರ ಮಾತಿನ ಖಾರ ಸ್ವಲ್ಪ ಕಡಿಮೆಯಾದರೆ ಅದು ನನ್ನ ತಪ್ಪು, ಅವರದಲ್ಲ.

ಪುತ್ತಿಗೆಗೆ ಹೋಗುವ ರಸ್ತೆಯ ಬದಿಯಲ್ಲಿ ನಮ್ಮದು ಒಂದೇ ಕೋಣೆ. ಕಟ್ಟಡದ ಯಜಮಾನರು ನಡುವೆ ಹಲಗೆ ಹೊಡೆಸಿ ಎರಡು ಅಂಗಡಿ ಮಾಡಿದ್ದರು. ಈಚೆ ನನ್ನ ಹೊಲಿಗೆ, ಆಚೆ ಅವರ ರಿಪೇರಿ. ಹಲಗೆಗಳ ನಡುವೆ ಬೆರಳು ತೂರುವಷ್ಟು ಸಂದು. ಆ ಸಂದಿನಿಂದ ಬೆಳಗ್ಗಿನಿಂದ ಸಂಜೆಯವರೆಗೆ ಪೆಟ್ರೋಲಿನ ವಾಸನೆ ಬರುತ್ತಿತ್ತು. ನನಗೋ ನಾಯಿಮೂಗು. ಮೂರನೇ ಅಂಗಡಿಯಲ್ಲಿ ಹಾಲು ಉಕ್ಕಿದರೆ ನನಗಿಲ್ಲಿ ಗೊತ್ತಾಗುತ್ತದೆ. ಒಮ್ಮೆ ಮದುವೆಗೆಂದು ಹೊಲಿದ ರವಿಕೆಯನ್ನು ಹುಡುಗಿಯ ತಾಯಿ ಮೂಸಿ ನೋಡಿ, ಇದೇನು ಪೆಟ್ರೋಲ್ ಬಂಕಿನಲ್ಲಿ ಹೊಲಿದದ್ದಾ ಎಂದು ಕೇಳಿದಳು. ಆ ದಿನ ನಾನು ಆಚೆ ಹೋಗಿ ಅವರಿಗೆ ಬೈದದ್ದನ್ನು ಎದುರಿನ ಹೊಟೇಲಿನವರು ಗಿರಾಕಿ ಬಿಟ್ಟು ಹೊರಗೆ ಬಂದು ಕೇಳಿದ್ದರು. ಅವರು ತಲೆಯೆತ್ತಲಿಲ್ಲ. ಬೈದು ಮುಗಿದ ಮೇಲೆ, "ಕೂತ್ಕೊಳ್ಳಿ ಅಕ್ಕ, ನೀರು ಕುಡೀರಿ. ಗಂಟಲು ಒಣಗಿರ್ತದೆ" ಎಂದರು.

ತಮಾಷೆಗೆ ಹೇಳಿದ್ದಲ್ಲ ಅದು. ಅವರ ಅಂಗಡಿಯಲ್ಲಿ ಪ್ಲಗ್ಗು, ವಾಷರುಗಳ ಡಬ್ಬಿಗಳ ಸಾಲಿನಲ್ಲೇ ಬೆಲ್ಲದ ಡಬ್ಬಿಯೂ ಇತ್ತು. ಮೆಷಿನು ಹೊತ್ತು ಬಂದವನಿಗೆ ಮೊದಲು ಒಂದು ತುಂಡು ಬೆಲ್ಲ, ಒಂದು ಲೋಟ ನೀರು. ಆಮೇಲೆ ಮೆಷಿನಿಗೆ ಏನಾಗಿದೆ ಎಂಬ ಪ್ರಶ್ನೆ. ಮನೆಯಲ್ಲಿ ಮಾಡುವ ಮರ್ಯಾದೆ ಅಂಗಡಿಯಲ್ಲಿ ಯಾಕೆ ಎಂದು ನಾನು ಗೇಲಿ ಮಾಡಿದ್ದೆ. ಬಂದವನಿಗೆ ನೀರು ಕೊಡದಿದ್ದರೆ ಅವನು ಬಂದದ್ದೇ ನಮಗೆ ಲೆಕ್ಕಕ್ಕಿಲ್ಲ ಎಂದ ಹಾಗೆ ಆಗುವುದಿಲ್ಲವೇ ಎಂದು ಅವರು ಕೇಳಿದ್ದರು.

ಸಪೂರ ಆಳು. ಕನ್ನಡಕದ ಒಂದು ಕಡ್ಡಿ ಮುರಿದು, ಮೆಷಿನು ಸ್ಟಾರ್ಟ್ ಮಾಡುವ ಹಳೆಯ ಹಗ್ಗದ ಎಳೆಯಿಂದ ಅದನ್ನು ಕಿವಿಗೆ ಕಟ್ಟಿಕೊಂಡಿದ್ದರು. ಕೈಯ ಒಂಬತ್ತು ಬೆರಳು ಯಾವಾಗಲೂ ಕಪ್ಪು. ಎಡಗೈಯ ಕಿರುಬೆರಳೊಂದನ್ನು ಮಾತ್ರ ದಿನವಿಡೀ ಚೊಕ್ಕ ಇಟ್ಟುಕೊಳ್ಳುತ್ತಿದ್ದರು. ಕೆಲಸ ಮಾಡುವಾಗ ಅದು ಒಂದೇ ಮೇಲೆ ನಿಗುರಿ ನಿಂತಿರುತ್ತಿತ್ತು. ಪೇಪರಿನ ಹಾಳೆ ತಿರುಗಿಸಲು, ಫೋನು ಒತ್ತಲು, ನನ್ನ ಅಂಗಡಿಯ ಪರದೆ ಸರಿಸಲು ಅದೇ ಬೆರಳು. ಇಷ್ಟು ವರ್ಷದಲ್ಲಿ ನನ್ನ ಒಂದು ಬಟ್ಟೆಗೂ ಅವರ ಕೈಯ ಮಸಿ ತಾಗಲಿಲ್ಲ. ವಾಸನೆಗೆ ಬೈದೆನೇ ಹೊರತು ಕಲೆಗೆ ಬೈಯಲು ನನಗೆ ಒಂದು ದಿನವೂ ಸಿಗಲಿಲ್ಲ.

ಜಗಳ ಸ್ನೇಹವಾದದ್ದು ಚಾಕ್‌ಪೀಸಿನಿಂದ. ಒಂದು ದಿನ ಪರದೆಯಾಚೆ ಆ ಕಿರುಬೆರಳು ಕಾಣಿಸಿತು. ಬಟ್ಟೆಗೆ ಗುರುತು ಹಾಕುವ ಚಾಕಿನ ತುಂಡುಗಳನ್ನು ಬಿಸಾಡುತ್ತೀರಲ್ಲ, ನನಗೆ ಕೊಡಿ ಎಂದರು. ಯಾಕೆ ಎಂದು ನೋಡಲು ಹೋದೆ. ಟ್ಯಾಂಕು ಸೋರುವ ಒಂದು ಹಳೆಯ ಮೆಷಿನನ್ನು ಒರೆಸಿ ಒಣಗಿಸಿ, ಹೊಟ್ಟೆಯ ಕೆಳಗೆ ಚಾಕನ್ನು ಕೆರೆದು ಹುಡಿ ಬಳಿದಿದ್ದರು. ಆಮೇಲೆ ಪೆಟ್ರೋಲು ತುಂಬಿಸಿ ಎದುರು ಕೂತರು. ಸ್ವಲ್ಪ ಹೊತ್ತಿಗೆ ಬಿಳಿ ಹುಡಿಯ ಮೇಲೆ ಸಾಸಿವೆಯಷ್ಟು ಕಪ್ಪು ಬಿದ್ದಿತು. ಅಲ್ಲಿಂದ ಮೇಲಕ್ಕೆ ಹುಡುಕುತ್ತಾ ಹೋದರು. ಒದ್ದೆ ಆಗುವ ಜಾಗ ಒಂದು, ಸೋರುವ ಜಾಗ ಇನ್ನೊಂದು ಎನ್ನುವುದು ಅವರ ಮಾತು. ಒದ್ದೆಯಾದಲ್ಲಿ ಗೋಂದು ಹಚ್ಚುವವನು ಮೆಕ್ಯಾನಿಕ್ಕೇ ಅಲ್ಲವಂತೆ.

ಹಳೆಯ ಮೆಷಿನುಗಳಲ್ಲಿ ಹೆಚ್ಚಾಗಿ ಹಾಳಾಗುವುದು ಒಂದು ರಬ್ಬರಿನ ಪೈಪು. ಟ್ಯಾಂಕಿನ ಒಳಗಿನ ಪೆಟ್ರೋಲನ್ನು ಇಂಜಿನಿಗೆ ಒಯ್ಯುವುದು ಅದೇ. ಟ್ಯಾಂಕಿನ ಗೋಡೆಯನ್ನು ದಾಟುವಲ್ಲಿ ಅದು ವರ್ಷ ಕಳೆದಂತೆ ಗಟ್ಟಿಯಾಗಿ, ಕೂದಲೆಳೆಯಷ್ಟು ಬಿರಿಯುತ್ತದೆ. ಮೆಷಿನನ್ನು ನೆಟ್ಟಗೆ ಇಟ್ಟರೆ ಏನೂ ಇಲ್ಲ. ಓರೆ ಮಾಡಿದರೆ ಬಿರುಕು ಬಾಯಿ ತೆರೆಯುತ್ತದೆ. ಬಂದ ಪೆಟ್ರೋಲು ಚಾಕಿನ ಹುಡಿಗೆ ತಾಗುವ ಮೊದಲೇ ಆರಿಹೋಗುತ್ತದೆ. ಅಂಥದ್ದನ್ನು ಹಿಡಿಯಲು ಮೂಗು ಬೇಕು. ಮೆಷಿನನ್ನು ಮಗುವಿನ ಹಾಗೆ ಎತ್ತಿ, ಒಂದೊಂದೇ ಬದಿಗೆ ಓರೆ ಮಾಡಿ, ಕಣ್ಣು ಮುಚ್ಚಿ ಮೂಸುತ್ತಿದ್ದರು. ಹೊಸದು ತೆಗೆದುಕೊಳ್ಳಿ ಎಂದು ಬೇರೆಲ್ಲರೂ ಕಳುಹಿಸಿದ ಮೆಷಿನುಗಳು ಬಂಟ್ವಾಳದಿಂದ, ಬೆಳ್ತಂಗಡಿಯಿಂದ ಗೋಣಿಚೀಲದಲ್ಲಿ ಬಸ್ಸು ಹತ್ತಿ ಇಲ್ಲಿಗೆ ಬರುತ್ತಿದ್ದದ್ದು ಆ ಮೂಗನ್ನು ನಂಬಿ.

ಆ ಮೂಗು ಹೋಯಿತು. ಊರಿಗೆಲ್ಲ ಆ ಜ್ವರ ಬಂದು ಅಂಗಡಿಗಳೆಲ್ಲ ಮುಚ್ಚಿದ್ದವಲ್ಲ, ಆಗ ಅವರಿಗೂ ಬಂದಿತ್ತು. ಗುಣವಾಗಿ ಮತ್ತೆ ಬಾಗಿಲು ತೆರೆದು ಕೆಲವು ತಿಂಗಳಾಗಿತ್ತು. ಒಂದು ಮಧ್ಯಾಹ್ನ ಸಂದಿನಿಂದ ಬಂದ ವಾಸನೆ ಎಂದಿನಂತಿರಲಿಲ್ಲ, ಕಣ್ಣು ಉರಿಯುವಷ್ಟಿತ್ತು. ಬೈಯಲೆಂದೇ ಹೋದೆ. ಪೆಟ್ರೋಲಿನ ಕ್ಯಾನು ಮಗುಚಿ, ಅವರು ಕೂತ ಸ್ಟೂಲಿನ ಅಡಿಗೆ ಹರಿದು ಬಂದಿತ್ತು. ಅವರು ಕಿಡಿ ಬರುತ್ತದೆಯೇ ಎಂದು ನೋಡಲು ಪ್ಲಗ್ಗನ್ನು ಮೆಷಿನಿಗೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಹಗ್ಗ ಎಳೆಯಲು ಹೊರಟಿದ್ದರು. ನಾನು ಓಡಿಹೋಗಿ ಆ ಕೈ ಹಿಡಿದೆ. ಅವರು ಕೆಳಗೆ ನೋಡಿದರು.

"ಮೂಗು ಹೋಗಿ ಐದು ತಿಂಗಳಾಯ್ತು ಅಕ್ಕ," ಎಂದರು. "ವಾಸನೆ ಪೆಟ್ರೋಲಿಂದೂ ಇಲ್ಲ, ಮೀನಿಂದೂ ಇಲ್ಲ. ಮನೆಯಲ್ಲಿ ಸಹ ಹೇಳಲಿಲ್ಲ. ನೀವು ಯಾರಿಗೂ ಹೇಳ್ಬೇಡಿ. ಕಣ್ಣು ಕಾಣದ ಟೈಲರಿಗೆ ಬಟ್ಟೆ ಯಾರು ಕೊಡ್ತಾರೆ?"

ಅಷ್ಟು ದಿನ ಬರೀ ಅಂದಾಜಿನ ಮೇಲೆ ಕೆಲಸ ಮಾಡಿದ್ದರಂತೆ. ಸಂಶಯ ಬಂದ ಪೈಪನ್ನೆಲ್ಲ ಬದಲಿಸಿ, ಚಾಕಿನ ಹುಡಿಯ ಎದುರು ಗಂಟೆಗಟ್ಟಲೆ ಕೂತು. ನನಗೆ ಅಯ್ಯೋ ಅನಿಸಿತು. ಅನಿಸಿದ್ದನ್ನು ನೇರ ಹೇಳಲು ಬಾರದೆ, ಹೇಗೂ ನಿಮ್ಮ ಪೆಟ್ರೋಲನ್ನು ದಿನವಿಡೀ ಮೂಸುವವಳು ನಾನೇ ಅಲ್ವಾ, ಇನ್ನು ಮೇಲೆ ಎದುರಿಗೇ ಬಂದು ಮೂಸುತ್ತೇನೆ ಎಂದೆ. ಅವರು ನಕ್ಕರು.

ಅಲ್ಲಿಂದ ಅದೊಂದು ಕ್ರಮವಾಯಿತು. ಮೆಷಿನು ಸಿದ್ಧವಾದಾಗ ಹಲಗೆಗೆ ಸ್ಪ್ಯಾನರಿನಿಂದ ಎರಡು ಸಲ ಬಡಿಯುವರು. ನಾನು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಹೋಗುವೆ. ಗಿರಾಕಿಗಳ ಎದುರು ಅನುಮಾನ ಬಾರದಂತೆ ಏನಾದರೊಂದು ನೆಪ. ಅವರು ಮೆಷಿನನ್ನು ಓರೆ ಮಾಡಿ ಹಿಡಿಯುವರು, ನಾನು ಬಗ್ಗುವೆ. ಉಂಟು ಅಥವಾ ಇಲ್ಲ, ಅಷ್ಟೇ ಮಾತು. ಉಂಟು ಎಂದರೆ ಆ ಕಿರುಬೆರಳಿನಿಂದ ಒಂದೊಂದೇ ಜಾಗ ತೋರಿಸುವರು. ಮುಚ್ಚಳದ ಹತ್ತಿರವಾ, ಹಿಡಿಯ ಅಡಿಯಲ್ಲಾ, ಪೈಪು ಹೊರಬರುವಲ್ಲಾ. ನಮ್ಮಿಬ್ಬರ ಬಗ್ಗೆ ಹೊಟೇಲಿನಲ್ಲಿ ಏನೋ ಪಿಸುಪಿಸು ಇತ್ತು. ಇರಲಿ ಎಂದು ಬಿಟ್ಟೆ. ನಿಜ ಹೇಳಬೇಕೆಂದರೆ ನನಗೆ ಜಂಬ ಬಂದಿತ್ತು. ಮೂರು ತಾಲೂಕಿನ ಮರ ಕಡಿಯುವವರ ಮೆಷಿನುಗಳು ನನ್ನ ಮೂಗಿನಿಂದ ಪಾಸಾಗಿ ಹೋಗುತ್ತವೆ ಎಂದು ಒಳಗೊಳಗೇ ಬೀಗುತ್ತಿದ್ದೆ.

ಇನ್ನು ದೂಮಣ್ಣನ ವಿಷಯ. ಬೆಳ್ತಂಗಡಿಯ ಲಾಯಿಲದವರು, ಹಳೆಯ ರಬ್ಬರ್ ಮರ ಕಡಿಯುವ ಕೆಲಸ. ಅವರ ಮೆಷಿನು ಆಚೆಯ ಅಂಗಡಿಗೆ ಬರುತ್ತಿದ್ದವುಗಳಲ್ಲೇ ಹಳತು. ಅದರ ಪೈಪು ಈಗ ಎಲ್ಲಿಯೂ ಸಿಗುವುದಿಲ್ಲ. ಆಚೆಯವರು ಬೇರೆ ಯಾವುದೋ ಮೆಷಿನಿನ ಪೈಪನ್ನು ಕತ್ತರಿಸಿ, ಹೊಂದಿಸಿ ಹಾಕಿದ್ದರು. ಟ್ಯಾಂಕು ದಾಟುವ ಆ ತೂತಿನಲ್ಲಿ ಅದು ಬಿಗಿಯಾಗಿ ಕೂತಿದೆಯೇ ಎನ್ನುವುದೇ ಸಂಶಯ. ದೂಮಣ್ಣ ಬೆಲ್ಲ ತಿಂದು ನೀರು ಕುಡಿದು, ವೇಣೂರು ಮೇಲೆ ಹೋಗುವ ಬಸ್ಸಿಗೆ ಹೊತ್ತಾಯಿತೆಂದು ಬಾಗಿಲಲ್ಲೇ ರಸ್ತೆ ನೋಡುತ್ತಾ ನಿಂತಿದ್ದರು. ಮರುದಿನ ಬೆಳಗ್ಗೆ ಅವರಿಗೆ ಕೆಲಸ ಇತ್ತು.

ಹಲಗೆಗೆ ಎರಡು ಬಡಿತ ಕೇಳಿಸಿತು. ಆ ವಾರ ನನ್ನ ಕೈಯಲ್ಲಿ ಒಂದೇ ಮದುವೆಯ ಏಳು ರವಿಕೆಗಳಿದ್ದವು. ಜೊತೆಗೆ ಮೂರು ದಿನದ ಶೀತ. ಮೂಗು ಪೂರ್ತಿ ಕಟ್ಟಿತ್ತು, ಬೆಳಗ್ಗಿನ ಕಾಪಿ ಬಿಸಿನೀರಿನಂತಿತ್ತು. ಎದ್ದು ಹೋದೆ. ಅವರು ಮೆಷಿನು ಓರೆ ಮಾಡಿದರು, ನಾನು ಬಗ್ಗಿದೆ. ಏನೂ ಗೊತ್ತಾಗಲಿಲ್ಲ. ಗೊತ್ತಾಗುವುದಿಲ್ಲ ಎಂದು ಬಗ್ಗುವ ಮೊದಲೇ ನನಗೆ ಗೊತ್ತಿತ್ತು. ಇವತ್ತು ನನಗಾಗುವುದಿಲ್ಲ, ನಾಳೆ ನೋಡುವ ಎಂದು ಕಣ್ಣಿನಲ್ಲೇ ಹೇಳಬಹುದಿತ್ತು. ಹೇಳಲಿಲ್ಲ. ಏಳು ರವಿಕೆಯ ಅವಸರ ಒಂದು, ಆ ಹಾಳು ಜಂಬ ಇನ್ನೊಂದು.

"ಇಲ್ಲ," ಎಂದೆ.

"ಸರಿ ನೋಡಿದ್ರಾ?" ಎಂದು ಮೆಲ್ಲಗೆ ಕೇಳಿದರು. ಯಾವತ್ತೂ ಹಾಗೆ ಎರಡನೇ ಸಲ ಕೇಳಿದವರಲ್ಲ.

"ನನ್ನ ಮೇಲೆ ನಂಬಿಕೆ ಇಲ್ವಾ?" ಎಂದು ಸಿಡುಕಿ ಬಂದುಬಿಟ್ಟೆ. ಬಸ್ಸಿನವರು ತಕರಾರು ಮಾಡದಂತೆ ಅವರು ಟ್ಯಾಂಕು ಖಾಲಿ ಮಾಡಿ, ಮೆಷಿನನ್ನು ಗೋಣಿಯಲ್ಲಿ ಕಟ್ಟಿ ಕೊಟ್ಟರು.

ಮರುದಿನ ಮರ ಬೀಳಿಸಲು ಮೆಷಿನನ್ನು ಅಡ್ಡ ಹಿಡಿದಾಗ ಪೈಪು ಸೋರಿ, ಪೆಟ್ರೋಲು ಬಿಸಿ ಸೈಲೆನ್ಸರಿನ ಮೇಲೆ ಬಿದ್ದು ಭಗ್ಗನೆ ಹೊತ್ತಿಕೊಂಡಿತು. ದಿನವಿಡೀ ಪೆಟ್ರೋಲಿನಲ್ಲೇ ಇರುವ ದೂಮಣ್ಣನಿಗೆ ಅದರ ವಾಸನೆ ಬೇರೆಯಾಗಿ ತಿಳಿಯುವುದಾದರೂ ಹೇಗೆ? ಬಲಗೈ ಸುಟ್ಟಿತು. ಜೀವ ಉಳಿಯಿತು, ಗಾಯ ಮಾಯಿತು. ಆದರೆ ಎರಡು ಬೆರಳು ಮಡಚಿದಲ್ಲೇ ಉಳಿದವು. ಆ ಕೈಯಲ್ಲಿ ಮೆಷಿನಿನ ಹಗ್ಗ ಎಳೆಯಲು ಅವರಿಗೆ ಮತ್ತೆ ಆಗಲೇ ಇಲ್ಲ.

ಸುದ್ದಿ ಹೊತ್ತು ದೂಮಣ್ಣನ ತಮ್ಮಂದಿರು ಅಂಗಡಿಗೆ ಬಂದು ಕೂಗಾಡಿದ ದಿನ ನಾನು ಹಲಗೆಯ ಈಚೆ ಇದ್ದೆ. ಹೊಲಿಗೆ ಮೆಷಿನಿನ ಮೇಲಿಂದ ಕಾಲು ತೆಗೆದು ಕೂತಿದ್ದೆ. ಈಗ ಹಲಗೆಗೆ ಬಡಿಯುತ್ತಾರೆ, ಈಗ ನನ್ನನ್ನು ಕರೆಯುತ್ತಾರೆ ಎಂದು ಕಾದೆ. ಬಡಿಯಲಿಲ್ಲ.

"ತಪ್ಪು ನನ್ನದೇ," ಎಂದು ಅವರು ಹೇಳುವುದು ಕೇಳಿಸಿತು. "ಪೈಪು ನಾನು ಸರಿ ನೋಡ್ಲಿಲ್ಲ."

ಸಂಜೆ ಹೋಗಿ ಎದುರು ನಿಂತೆ. ಆ ದಿನ ನನಗೆ ಶೀತ ಇತ್ತು ಎಂದೆ. ಅಳು ಬಂತು. ಅವರು ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಬದಿಗಿಟ್ಟರು.

"ಗೊತ್ತು ಅಕ್ಕ. ಬೆಳಗ್ಗಿಂದ ನೀವು ಸೀನ್ತಾ ಇದ್ದದ್ದು ನನಗೆ ಹಲಗೆಯಿಂದ ಕೇಳ್ತಾ ಇತ್ತು. ಗೊತ್ತಿದ್ದೂ ಮೆಷಿನ್ ಕೊಟ್ಟೆ. ದೂಮಣ್ಣನ ಬಸ್ ಹೋಗ್ತದೆ ಅಂತ. ಮತ್ತೆ ತಪ್ಪು ಯಾರದ್ದು, ಹೇಳಿ?"

ನಾನು ಎಲ್ಲರೆದುರು ಹೇಳಿಬಿಡುತ್ತೇನೆ ಎಂದೆ. ಬೇಡ ಎಂದರು. ನಾನು ಹೇಳಿದರೆ ಅವರ ಮೂಗಿನ ವಿಷಯವೂ ಹೊರಬೀಳುತ್ತದೆ, ನನ್ನ ಅಂಗಡಿಗೆ ಬರುವ ಹೆಂಗಸರೂ ನಾಲ್ಕು ಮಾತು ಆಡುತ್ತಾರೆ, ಯಾರಿಗೂ ಒಳ್ಳೆಯದಾಗುವುದಿಲ್ಲ ಎಂದರು. ನಾನು ಸುಮ್ಮನಾದೆ. ಅವರಿಗಾಗಿ ಸುಮ್ಮನಾದೆ ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನನಗೆ ಹೆದರಿಕೆ ಇತ್ತು.

ಎರಡು ತಿಂಗಳೊಳಗೆ ಅವರು ಅಂಗಡಿ ಬಿಟ್ಟರು. ಉಳಿದ ಚಾಕಿನ ತುಂಡುಗಳನ್ನು ಒಂದು ಡಬ್ಬಿಯಲ್ಲಿ ಹಾಕಿ ವಾಪಸು ಕೊಟ್ಟು ಹೋದರು. ಅನಂತರ ಮೂರು ನಾಲ್ಕು ಸಲ ಅವರು ನನಗೆ ಮೂಡುಬಿದಿರೆಯ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದಾರೆ, ಬೆಳ್ತಂಗಡಿಯ ಬಸ್ಸಿಗೆ ಕಾಯುತ್ತಾ. ಎಲ್ಲಿಗೆ ಎಂದರೆ ಆಚೆ ಸ್ವಲ್ಪ ಕೆಲಸ ಉಂಟು ಎನ್ನುತ್ತಿದ್ದರು. ಅಂಗಡಿ ಬಿಟ್ಟವರಿಗೆ ಪೊಳಲಿಯಿಂದ ಇಷ್ಟು ದೂರ ಎಂಥ ಕೆಲಸ ಎಂದು ನಾನು ಕೇಳಲಿಲ್ಲ. ಕೈಯ ಬೆರಳುಗಳೆಲ್ಲ ಬೆಳ್ಳಗಾಗಿದ್ದವು. ಆದರೂ ಆ ಕಿರುಬೆರಳು ಅಭ್ಯಾಸಕ್ಕೆ ಬೇರೆಯಾಗಿಯೇ ನಿಂತಿತ್ತು. ಆಮೇಲೆ ಎದೆನೋವು ಬಂದು ಹೋಗಿಬಿಟ್ಟರು.

ಸಾವಿನ ಮನೆಯಲ್ಲಿ ಆ ಮಾತು ಕೇಳಿ ಬಂದ ಮೇಲೆ ನನಗೆ ಅನ್ನ ರುಚಿಸಲಿಲ್ಲ. ಬದುಕಿದ್ದಾಗ ಅವರು ಬೇಡ ಎಂದರು, ಸರಿ. ಈಗ ಬೇಡ ಎನ್ನಲು ಅವರಿಲ್ಲ. ಐದನೆಯ ದಿನ ಅಂಗಡಿ ಮುಚ್ಚಿ ಲಾಯಿಲಕ್ಕೆ ಹೋದೆ.

ದೂಮಣ್ಣ ಮನೆಯಲ್ಲೇ ಇದ್ದರು. ಅವರ ಹೆಂಡತಿ ಎಲ್ಲರ ಮನೆಯ ಕ್ರಮದಂತೆ ಬೆಲ್ಲ, ನೀರು ತಂದು ನನ್ನ ಮುಂದಿಟ್ಟರು. ಹೇಳಿ ಮುಗಿಸದೆ ಮುಟ್ಟುವುದಿಲ್ಲ ಎಂದು ಕೂತು, ಮೊದಲಿನಿಂದ ಹೇಳಿದೆ. ಅವರ ಮೂಗು ಹೋದದ್ದು, ಹಲಗೆಯ ಬಡಿತ, ನನ್ನ ಶೀತ, ಇಲ್ಲ ಎಂದು ನಾನು ಹೇಳಿದ ಸುಳ್ಳು. ದೂಮಣ್ಣ ಆ ಎರಡು ಬೆರಳನ್ನು ಎಡಗೈಯಿಂದ ತಿಕ್ಕುತ್ತಾ ಕೇಳಿದರು. ಬೈದರೆ ಬೈಸಿಕೊಳ್ಳಲು, ಹೊರಗೆ ಹೋಗು ಎಂದರೆ ಹೋಗಲು ನಾನು ತಯಾರಾಗಿಯೇ ಬಂದಿದ್ದೆ.

ಅವರು ಜಗಲಿಯ ಮೂಲೆಯನ್ನು ತೋರಿಸಿದರು. "ತಿಂಗಳಿಗೊಮ್ಮೆ ಬರ್ತಿದ್ರು. ಅಲ್ಲಿ ಕೂತ್ಕೊಳ್ತಿದ್ರು. ನಾನು ಮಾತಾಡ್ತಿರ್ಲಿಲ್ಲ. ಒಂದು ಗಂಟೆ ಕೂತು ಎದ್ದು ಹೋಗ್ತಿದ್ರು. ಎರಡು ವರ್ಷ."

ನಾನು ಆ ಮೂಲೆಯತ್ತ ತಿರುಗಿ ನೋಡಿದೆ.

"ಇವಳು ಪ್ರತಿ ಸಲ ಬೆಲ್ಲ ನೀರು ತಂದಾಗ ನಾನೇ ಒಳಗೆ ಕಳಿಸಿದ್ದೇನೆ," ಎಂದರು. "ನೀವು ಮೊದಲೇ ಹೇಳ್ಬೇಕಿತ್ತು ಅಕ್ಕ. ಕೈ ಹೋದದ್ದು ಹೋಯ್ತು. ಅವರಿಗೆ ನಾನು ಒಂದು ಲೋಟ ನೀರು ಕೊಡ್ಲಿಲ್ಲ."

ಒಳಗೆ ಅವರ ಹೆಂಡತಿ ಅಳುತ್ತಿದ್ದದ್ದು ಕೇಳಿಸಿತು. ದೂಮಣ್ಣನೇ ಲೋಟವನ್ನು ನನ್ನತ್ತ ಸರಿಸಿ, "ಕುಡೀರಿ" ಎಂದರು. ನಾನು ಕುಡಿದೆ.

ಬೊಜ್ಜದ ದಿನ, ಅಂದರೆ ಅವರ ಉತ್ತರಕ್ರಿಯೆಯ ದಿನ, ಮತ್ತೆ ಪೊಳಲಿಗೆ ಹೋದೆ. ಅಂಗಳದಲ್ಲಿ ಆ ಮಾತಾಡಿದ ಮನುಷ್ಯನೂ ಬಂದಿದ್ದ. ನಾನೇ ಅವನ ಹತ್ತಿರ ಹೋಗಿ, ಸುತ್ತ ಇದ್ದವರಿಗೂ ಕೇಳುವ ಹಾಗೆ, ಅವರ ಕೈ ಕೆಟ್ಟಿರಲಿಲ್ಲ, ಸರಿ ನೋಡದವಳು ನಾನು ಎಂದು ಎಲ್ಲವನ್ನೂ ಹೇಳಿದೆ. ತೀರಿಹೋದವರ ಹೆಂಡತಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಮೂಗಿನ ಸಂಗತಿ ಅವರಿಗೂ ಅಂದೇ ಗೊತ್ತಾದದ್ದು. ಹೌದು, ಮೀನು ಹಳಸಿದ್ದರೂ ಕೊನೆಗೆ ಸುಮ್ಮನೆ ಉಣ್ಣುತ್ತಿದ್ದರು ಎಂದಷ್ಟೇ ಹೇಳಿ ಒಳಗೆ ಹೋದರು.

ದೂಮಣ್ಣ ಬಂದದ್ದು ಸ್ವಲ್ಪ ತಡವಾಗಿ. ಅಷ್ಟು ಹೊತ್ತಿಗೆ ತೀರಿಹೋದವರಿಗೆ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ ಆಗಿತ್ತು. ದೂಮಣ್ಣ ಮನೆಯವರ ಹತ್ತಿರ ಒಂದು ಲೋಟ ನೀರು ಕೇಳಿ ತೆಗೆದುಕೊಂಡರು. ಅಂಗಿಯ ಕಿಸೆಯಿಂದ ಕಾಗದದ ಪೊಟ್ಟಣ ತೆಗೆದು, ಅದರಲ್ಲಿದ್ದ ಬೆಲ್ಲವನ್ನು ಎಲೆಯ ಬದಿಗಿಟ್ಟರು. ನೀರಿನ ಲೋಟವನ್ನು ಸುಟ್ಟ ಕೈಯಲ್ಲೇ ಹಿಡಿದು ಬಗ್ಗಿದರು. ಮಡಚಿದ ಬೆರಳುಗಳಲ್ಲಿ ಹಿಡಿತ ಸಿಗದೆ ಸ್ವಲ್ಪ ನೀರು ಚೆಲ್ಲಿತು. ಯಾರೋ ಸಹಾಯಕ್ಕೆ ಕೈ ಚಾಚಿದರೂ ಅವರು ಬಿಡಲಿಲ್ಲ. ಲೋಟವನ್ನು ಬೆಲ್ಲದ ಪಕ್ಕ ಇಟ್ಟು, ಗೋಡೆಗೆ ಒರಗಿ ಅಲ್ಲೇ ನೆಲದ ಮೇಲೆ ಕೂತರು.

ಒಂದು ಗಂಟೆ ಕೂತಿದ್ದರು.